ದಾಟಿಹೋದ ತಟ್ಟೆ

ನಮ್ಮೂರಿಗೆ ಶ್ರೀಲಂಕಾದಿಂದ ಹನ್ನೊಂದು ಜನ ಬರುತ್ತಾರೆ ಅನ್ನುವ ಸುದ್ದಿ ಬಂದಾಗ ಮೊದಲು ಸುಣ್ಣ ಕಂಡದ್ದು ಹಾಲಿನ ಡೇರಿಯಲ್ಲ, ಪಂಚಾಯ್ತಿ ಸದಸ್ಯ ನಂಜಪ್ಪನವರ ಮನೆಯ ಕಾಂಪೌಂಡು. ಬಸ್ಸು ಆ ಕಾಂಪೌಂಡಿನ ಮುಂದೆಯೇ ತಿರುಗಬೇಕು, ಫೋಟೋದಲ್ಲಿ ಬಿದ್ದೇ ಬೀಳುತ್ತದೆ ಅನ್ನುವುದು ಅವರ ಅಂದಾಜು. ಮಿಕ್ಕ ಸುಣ್ಣವನ್ನು ಡೇರಿಗೆ ಬಳಿದರು. ಮೂರು ಗೋಡೆಗೆ ಸಾಕಾಯಿತು, ನಾಲ್ಕನೆಯದಕ್ಕೆ ಬ್ಯಾನರ್ ಕಟ್ಟಿದೆವು.

ಊರಿನ ಹೆಸರು ಹುಲ್ಲುಬಾರೆ. ಮೇಲುಕೋಟೆಯಿಂದ ನಾಗಮಂಗಲದ ಕಡೆಗೆ ಬೆಟ್ಟದ ಸಾಲು ಹಿಡಿದು ಹೋದರೆ ಒಂದು ಕಡೆ ರಸ್ತೆ ಮೂರು ಸುತ್ತು ಹಾಕಿ ಮೇಲೆ ಹತ್ತುತ್ತದೆ. ಇಷ್ಟು ಹತ್ತಿ ಏನು ಸಿಗುತ್ತದೆ ಅಂತ ನೋಡಿದರೆ, ನಾವು. ಬಂಡೆ, ಸೀತಾಫಲದ ಪೊದೆ, ಹುರುಳಿ ಹೊಲ, ನೂರಿಪ್ಪತ್ತು ಮನೆ. ನಾಲೆಯ ನೀರು ಕೆಳಗಿನ ಪಾಂಡವಪುರದವರಿಗೆ, ಗಾಳಿ ನಮಗೆ. ಆದ್ದರಿಂದಲೇ ಇಲ್ಲಿ ಮನೆಮನೆಗೂ ಹಸು, ಹಸುವಿನಿಂದ ಡೇರಿ.

ನಾನು ಪ್ರಮೀಳಾ. ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಡಿಗ್ರಿ ನೋಡುವುದು, ನೀರು ಬೆರೆಸಿದವರ ಹತ್ತಿರ ಜಗಳ ಆಡುವುದು ನನ್ನ ಕೆಲಸ. ಸಂಘದ ಅಧ್ಯಕ್ಷೆ ಜಯಲಕ್ಷ್ಮಮ್ಮ. ಅಧ್ಯಕ್ಷೆ ಅಂದರೆ ಹೆಸರಿಗಲ್ಲ. ಹದಿನಾಲ್ಕು ವರ್ಷದ ಹಿಂದೆ ಮನೆಮನೆ ತಿರುಗಿ ಹೆಂಗಸರನ್ನು ಒಟ್ಟು ಮಾಡಿ ಸಂಘ ಕಟ್ಟಿದವರು ಅವರೇ. ಹಾಲಿನ ವ್ಯಾನು ಬೆಟ್ಟ ಹತ್ತುವುದಿಲ್ಲ ಅಂದಾಗ ಒಂದು ವರ್ಷ ಪೂರ್ತಿ ಕ್ಯಾನನ್ನು ತಲೆಯ ಮೇಲೆ ಹೊತ್ತು ಮೂರು ಸುತ್ತು ಇಳಿದು ಹೋಗಿ ಕೊಟ್ಟು ಬಂದವರು. ಆಮೇಲೆ ಅವರ ಗಂಡ ಟ್ರಾಕ್ಟರು ಮಗುಚಿ ಹೋದರು. ಅದಕ್ಕೆ ಹನ್ನೊಂದು ವರ್ಷ. ತಿಥಿ ಮುಗಿದ ಮಾರನೇ ದಿನ ನಾನು ಡೇರಿಯ ಬಾಗಿಲು ತೆಗೆಯಲು ಹೋದರೆ ಜಯಲಕ್ಷ್ಮಮ್ಮ ಆಗಲೇ ಬಂದು ಕ್ಯಾನು ತೊಳೆಯುತ್ತಿದ್ದರು.

ಶ್ರೀಲಂಕಾದವರು ಬರುವುದು ಜಯಲಕ್ಷ್ಮಮ್ಮ ಕಟ್ಟಿದ ಈ ಡೇರಿ ನೋಡುವುದಕ್ಕೆ. ಆ ದೇಶದ ಬೆಟ್ಟದ ಕಡೆಯ ಒಂದು ಸಣ್ಣ ಹಾಲಿನ ಸಂಘದವರಂತೆ. ಕೆಲವು ವರ್ಷದ ಹಿಂದೆ ಹಾಲಿನಪುಡಿ ಸಿಗದೆ ಅಂಗಡಿ ಮುಂದೆ ಸಾಲು ನಿಂತಿದ್ದರಂತೆ, ಇನ್ನು ಹಸುವನ್ನೇ ನಂಬೋಣ ಅಂತ ತೀರ್ಮಾನಿಸಿದ್ದಾರಂತೆ. ಬೆಟ್ಟದ ಮೇಲೆ, ನಾಲೆಯಿಲ್ಲದ ಊರಲ್ಲಿ, ಹೆಂಗಸರೇ ನಡೆಸುವ ಡೇರಿ ತೋರಿಸಿ ಅಂತ ಕೇಳಿದಾಗ ಮಂಡ್ಯದ ಹಾಲು ಒಕ್ಕೂಟದ ಅಧಿಕಾರಿ ಸಹನ ನಮ್ಮ ಹೆಸರು ಹೇಳಿದ್ದಳು. ನಮ್ಮ ಮತ್ತು ಅವರ ನಡುವೆ ಇಂಗ್ಲಿಷಿನಲ್ಲಿ ಮಾತು ದಾಟಿಸುವ ಕೆಲಸವೂ ಸಹನಳದೇ.

ಅವಳಿಂದಲೇ ಜಯಲಕ್ಷ್ಮಮ್ಮ ಒಂದು ಮಾತು ಕಲಿತರು. ಆಯುಬೋವನ್. ಅವರ ಭಾಷೆಯಲ್ಲಿ ನಮಸ್ಕಾರದ ಬದಲು ಹೀಗೆ ಹೇಳುತ್ತಾರೆ, ಬಹಳ ಕಾಲ ಬಾಳು ಅಂತ ಅರ್ಥ. ಎರಡು ವಾರ ಹಾಲು ಕರೆಯುವಾಗ ಹಸುವಿಗೆ ಆಯುಬೋವನ್, ಬಾಗಿಲಿಗೆ ಬಂದ ನಾಯಿಗೆ ಆಯುಬೋವನ್, ಹಾಲು ತಂದು ಸುರಿಯುವ ಹೆಂಗಸರಿಗೆ ಆಯುಬೋವನ್. ಒಂದು ನೀಲಿ ಸೀರೆಯನ್ನು ಇಸ್ತ್ರಿ ಮಾಡಿಸಿ ಮಡಗಿದ್ದರು.

ಸ್ವಾಗತಕ್ಕೆ ಯಾರ್ಯಾರು ನಿಲ್ಲಬೇಕು ಅಂತ ಪಟ್ಟಿ ಬರೆದವಳು ನಾನು. ಕಳಸ ಹೊರಲು ಏಳು ಜನ ಮುತ್ತೈದೆಯರು, ಆರತಿಗೆ ಇಬ್ಬರು, ಕುಂಕುಮದ ತಟ್ಟೆಗೆ ನಾನು, ಎಲ್ಲರ ಹಿಂದೆ ಹೇಳಿಕೊಡುವುದಕ್ಕೆ ಚಲುವಮ್ಮ. ಚಲುವಮ್ಮ ಊರಿಗೇ ಹಿರಿಯಳು, ಗಂಡ ದ್ಯಾವಯ್ಯನಿಗೆ ತೊಂಬತ್ತು ಹತ್ತಿರ, ಹಾಗಾಗಿ ಶಾಸ್ತ್ರದಲ್ಲಿ ಅವಳ ಮಾತೇ ಕೊನೆ. ಪಟ್ಟಿಯಲ್ಲಿ ಜಯಲಕ್ಷ್ಮಮ್ಮನ ಹೆಸರು ಬರೆಯಬಾರದು ಅಂತ ನನಗೆ ಯಾರೂ ಹೇಳಲಿಲ್ಲ. ನಾನೂ ಹಾಗೆ ಯೋಚಿಸಲಿಲ್ಲ. ಕೈ ತಾನಾಗಿ ದಾಟಿಕೊಂಡು ಹೋಯಿತು. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಇಷ್ಟು ವರ್ಷ ಬರೆದ ಪಟ್ಟಿಗಳಲ್ಲೂ ಹಾಗೆಯೇ ದಾಟಿದ್ದೆ.

ಹಿಂದಿನ ದಿನ ಅವರೇ ಕೇಳಿದರು. “ಪ್ರಮೀಳಾ, ನಾಳೆ ನಾನೆಲ್ಲಿ ನಿಂತ್ಕಳ್ಲಿ?”

ನಾನು ಪಟ್ಟಿ ಮಡಿಸಿದೆ. “ನೀವು ಅಡುಗೆ ಕಡೆ ಇರಿ ಅಕ್ಕ. ನೀವಿಲ್ದಿದ್ರೆ ಎಲ್ಲಾ ಕೆಡಿಸ್ಬುಡ್ತಾರೆ.”

ಅವರು ನನ್ನನ್ನು ನೋಡಿದರು. ಅಡುಗೆಗೆ ಮೇಲುಕೋಟೆಯಿಂದ ಭಟ್ಟರು ಬರುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು, ಗೊತ್ತು ಮಾಡಿದ್ದೇ ಅವರು.

“ಬಾಗ್ಲಲ್ಲಿ ಆ ಒಂದ್ ಮಾತು ಏಳ್ಬುಟ್ಟು ಒಳಕ್ ಓಗ್ಬುಡ್ತೀನಿ ಕಣೆ. ಕಳಸ ಗಿಳಸ ಮುಟ್ಟಾಕಿಲ್ಲ.”

“ಆಮೇಲೆ ಹೇಳಿದ್ರಾಯ್ತು ಬಿಡಿ ಅಕ್ಕ, ಊಟದ ಹೊತ್ನಲ್ಲಿ.”

“ಆಯ್ತು ಬುಡು,” ಅಂದರು.

ಮಾರನೇ ದಿನ ಬಸ್ಸು ಹತ್ತೂವರೆಗೆ ಬಂತು. ಮೂರನೇ ಸುತ್ತಿನಲ್ಲಿ ಅದು ಏದುಸಿರು ಬಿಡುವ ಸದ್ದು ಕೇಳಿದ್ದೇ ಡೊಳ್ಳು ಶುರುವಾಯಿತು. ಬೆಳಿಗ್ಗೆಯೇ ಅವರೆಲ್ಲ ಮೇಲುಕೋಟೆಯ ಬೆಟ್ಟ ಹತ್ತಿ ಯೋಗನರಸಿಂಹನ ದರ್ಶನ ಮಾಡಿ ಬಂದಿದ್ದರು. ಮೊದಲು ಇಳಿದವರು ಹುಡುಗಿಯರು, ಪ್ಯಾಂಟು, ಚೂಡಿದಾರ. ಆಮೇಲೆ ನಾಲ್ಕೈದು ಗಂಡಸರು. ಅವರಲ್ಲೊಬ್ಬ ಮುದುಕನ ಕತ್ತಿನಲ್ಲಿ ಕ್ಯಾಮೆರಾ, ಕೈಯಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ. ಯಾರೋ ಸಹಾಯಕ್ಕೆ ಬಂದವನು ಅಂದುಕೊಂಡೆ. ಅವನು ಬಗ್ಗಿ ಚಪ್ಪಲಿಯನ್ನು ಬಸ್ಸಿನ ಮೆಟ್ಟಿಲ ಕೆಳಗೆ ಇಟ್ಟ. ಅದರೊಳಗೆ ಕಾಲಿಟ್ಟು ಕೊನೆಯಲ್ಲಿ ಇಳಿದವರು ಅವರ ಸಂಘದ ಅಧ್ಯಕ್ಷೆ, ಸುಮನಾವತಿ.

ವಯಸ್ಸು ಅರವತ್ತರ ಮೇಲೆ. ಅಚ್ಚ ಬಿಳಿ ಸೀರೆ. ಕತ್ತಿನಲ್ಲಿ ಏನೂ ಇಲ್ಲ. ಹಣೆ ಖಾಲಿ.

ನಾನು ಸಾಲಾಗಿ ಕುಂಕುಮ ಇಟ್ಟುಕೊಂಡು ಬರುತ್ತಿದ್ದೆ. ಹುಡುಗಿಯರ ಹಣೆಯೂ ಖಾಲಿಯೇ ಇತ್ತು, ಆದರೆ ಪ್ಯಾಂಟು ಹಾಕಿದವರ ಹಣೆ ಖಾಲಿ ಇದ್ದರೆ ಅದು ಫ್ಯಾಷನ್ನು. ಬಿಳಿ ಸೀರೆಯವರ ಹಣೆ ಖಾಲಿ ಇದ್ದರೆ ಅದು ಬೇರೆ. ಅವರ ಮುಂದೆ ಬಂದಾಗ ನನ್ನ ಕೈ ನಿಂತಿತು. ಹಿಂದಿನಿಂದ ಚಲುವಮ್ಮ ಮೊಣಕೈ ಚಿವುಟಿದಳು. ಚಿವುಟದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ ಅನ್ನಿ. ತಟ್ಟೆಯನ್ನು ಎಡಗೈಗೆ ದಾಟಿಸಿ, ಅವರಿಗೆ ಬರೀ ಒಂದು ಗುಲಾಬಿ ಕೊಟ್ಟು, ಪಕ್ಕದ ಹುಡುಗಿಯ ಕಡೆ ಹೋದೆ.

ಅಷ್ಟರಲ್ಲಿ ಅವರು ಕುಂಕುಮಕ್ಕೆಂದು ತಲೆ ಬಗ್ಗಿಸಿ ಆಗಿತ್ತು. ತಟ್ಟೆ ಹೋಯಿತು, ತಲೆ ಬಗ್ಗಿಯೇ ಇತ್ತು. ಆಮೇಲೆ ನಿಧಾನಕ್ಕೆ ಎತ್ತಿದರು. ಸೆರಗು ಸರಿ ಮಾಡಿಕೊಳ್ಳಲೆಂದೇ ಬಗ್ಗಿದ್ದೆ ಅನ್ನುವ ಹಾಗೆ ಸೆರಗಿನ ಅಂಚನ್ನು ಎಳೆದುಕೊಂಡರು. ನಾನು ಓರೆಗಣ್ಣಲ್ಲಿ ನೋಡಿದೆ, ನೋಡಿಲ್ಲ ಅಂತ ಮುಂದಕ್ಕೆ ಹೋದೆ.

ಡೇರಿಯ ಪಕ್ಕದ ಅಡುಗೆ ಚಪ್ಪರಕ್ಕೆ ಬರೀ ತೆಂಗಿನ ಗರಿಯ ಮರೆ ಇತ್ತು. ಗರಿ ಸರಿಸಿಕೊಂಡು ಜಯಲಕ್ಷ್ಮಮ್ಮ ಹೊರಕ್ಕೆ ಬಂದರು. ನೀಲಿ ಸೀರೆಯಲ್ಲ, ಅಡುಗೆಗೆ ಉಟ್ಟ ಹಳೇ ಸೀರೆ. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬೆಲ್ಲ. ಕಳಸದ ಸಾಲನ್ನು ಸೀಳಿಕೊಂಡು ನೇರ ಸುಮನಾವತಿಯ ಮುಂದೆ ನಿಂತರು. ಚೊಂಬು ಬೆಲ್ಲ ಎರಡನ್ನೂ ಪಕ್ಕದಲ್ಲೇ ಇದ್ದ ನನ್ನ ತಟ್ಟೆಯ ಮೇಲೆ ಇಟ್ಟು, ರಾಗಿಹಿಟ್ಟು ಮೆತ್ತಿದ ಕೈ ಎರಡನ್ನೂ ಜೋಡಿಸಿ, ಶಾಲೆಯ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದರು.

“ಆಯುಬೋವನ್.”

ಡೊಳ್ಳಿನವನು ನಿಲ್ಲಿಸಿದ. ಸುಮನಾವತಿ ಒಂದು ಗಳಿಗೆ ಅವರನ್ನೇ ನೋಡಿ, ಕೈ ಜೋಡಿಸಿ, ಅದೇ ಮಾತನ್ನು ಮೆಲ್ಲಗೆ ಹೇಳಿದರು. ಬೆಲ್ಲ ತಿಂದರು, ನೀರು ಕುಡಿದರು. ಆಮೇಲೆ ಜಯಲಕ್ಷ್ಮಮ್ಮನ ಕೈ ಹಿಡಿದವರು ಬಿಡಲೇ ಇಲ್ಲ.

“ನೋಡು, ಜಯಲಕ್ಷ್ಮಿಗೆ ಅವ್ಳಂಥೋಳೇ ಒಬ್ಳು ಸಿಕ್ಕುದ್ಲು,” ಅಂತ ಚಲುವಮ್ಮ ನನ್ನ ಕಿವಿಯಲ್ಲಿ ಅಂದಳು. ಕಳಸದ ಹೆಂಗಸರೂ ಅದನ್ನೇ ಮಾತಾಡಿಕೊಂಡರು. ಪಾಪ, ತನ್ನ ಹಾಗಿರುವವಳು ಬೇರೆ ದೇಶದಲ್ಲಿ ಲೀಡರು ಆಗಿರುವುದು ನೋಡಿ ಧೈರ್ಯ ಬಂತು ಅಂತ. ನನಗೂ ಹಾಗೇ ಕಂಡಿತು, ನೆಮ್ಮದಿಯೂ ಆಯಿತು. ನಾನು ಮಾಡಬೇಕಾದ್ದನ್ನು ಬೇರೆ ಯಾರೋ ಮಾಡಿ ಮುಗಿಸಿದರೆ ಆಗುವ ನಾಚಿಕೆಗೆಟ್ಟ ನೆಮ್ಮದಿ.

ಅಲ್ಲಿಂದ ಕಾರ್ಯಕ್ರಮ ನಮ್ಮ ಕೈ ತಪ್ಪಿತು. ನಂಜಪ್ಪನವರು ಬರೆದುಕೊಂಡು ಬಂದಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. ಜಯಲಕ್ಷ್ಮಮ್ಮ ಸುಮನಾವತಿಯನ್ನು ಕರೆದುಕೊಂಡು ಮುಂದೆ, ಉಳಿದ ಹತ್ತು ಜನ ಹಿಂದೆ, ಅವರ ಹಿಂದೆ ನಾವು. ತೋರಿಸುವುದಕ್ಕೆ ಅಂತ ಜಯಲಕ್ಷ್ಮಮ್ಮನ ಒಂದು ಹಸುವನ್ನು ಬೆಳಿಗ್ಗೆ ಕರೆಯದೆ ಬಿಟ್ಟಿದ್ದೆವು. ಕೆಚ್ಚಲು ಬಿಗಿದು ಅದು ಆಗಲೇ ಕೋಪದಲ್ಲಿತ್ತು. ಆ ಹಸು ನನಗೆ ಮೂರು ಸಲ ಒದ್ದಿದೆ, ಕ್ಯಾಮೆರಾದ ಮುಂದೆ ನಾಲ್ಕನೆಯದು ಬೇಡ ಅಂತ ನಾನು ಕಂಬದ ಹಿಂದೆ ನಿಂತೆ. ಸುಮನಾವತಿ ಬಿಳಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೂತು, ಹಸುವಿನ ಹೊಟ್ಟೆಗೆ ತಲೆ ಒರಗಿಸಿದರು. ಜಯಲಕ್ಷ್ಮಮ್ಮ ಕೂರುವುದೂ ಹಾಗೆಯೇ. ಇಬ್ಬರೂ ಒಂದೇ ಹಸುವಿನ ಎರಡು ಕಡೆ ಕೂತು ಕರೆದರು. ಅದು ಸುಮ್ಮನೆ ನಿಂತಿತ್ತು. ಕರೆಯುವಾಗ ಜಯಲಕ್ಷ್ಮಮ್ಮ ಕನ್ನಡದಲ್ಲೂ ಅವರು ಅವರ ಭಾಷೆಯಲ್ಲೂ ಹಿಂಡಿಯ ಬಗ್ಗೆಯೋ ಸೊಸೆಯಂದಿರ ಬಗ್ಗೆಯೋ ಮಾತಾಡುತ್ತಲೇ ಇದ್ದರು. ಸಹನ ಎರಡು ಸಲ ದಾಟಿಸಲು ನೋಡಿ, ಯಾರೂ ಕೇಳದ್ದರಿಂದ ಫೋನು ತೆಗೆದುಕೊಂಡು ಕೂತಳು.

ಊಟಕ್ಕೆ ಕೂತಾಗ ನಾನು ಸಹನಳ ಪಕ್ಕ ಕೂತೆ. ಎದುರಿನ ಸಾಲಿನಲ್ಲಿ ಕ್ಯಾಮೆರಾದ ಮುದುಕ ಸುಮನಾವತಿಯ ಎಲೆಯಿಂದ ಹಸಿಮೆಣಸಿನಕಾಯಿ ಆರಿಸಿ ತನ್ನ ಎಲೆಗೆ ಹಾಕಿಕೊಳ್ಳುತ್ತಿದ್ದ.

“ಅವರ್ಯಾರು? ಡೇರಿ ಸಿಬ್ಬಂದಿನಾ?” ಅಂದೆ.

“ಅವರ ಗಂಡ ಕಣ್ರೀ. ಮದುವೆಯಾಗಿ ನಲವತ್ತು ವರ್ಷ ಆಯ್ತಂತೆ.”

ಬಾಯಲ್ಲಿದ್ದ ಮುದ್ದೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. “ಮತ್ತೆ ಆ ಬಿಳಿ ಸೀರೆ?”

“ಅವರಲ್ಲಿ ದೇವಸ್ಥಾನಕ್ಕೆ ಹೋಗುವಾಗ ಬಿಳಿಯೇ ಉಡೋದು. ಬೆಳಿಗ್ಗೆ ಬೆಟ್ಟ ಹತ್ತಿದರಲ್ಲ. ತಾಳಿ, ಕುಂಕುಮ ಎಲ್ಲಾ ಅವರ ಪದ್ಧತಿ ಅಲ್ಲ. ಯಾಕೆ?”

ಏನಿಲ್ಲ ಅಂದೆ. ಚಲುವಮ್ಮನಿಗೆ ಮಾತ್ರ ಹೇಳಿದೆ. ಚಲುವಮ್ಮನಿಗೆ ಹೇಳುವುದೂ ಮೈಕಿನಲ್ಲಿ ಹೇಳುವುದೂ ಒಂದೇ, ಮಜ್ಜಿಗೆ ಬಡಿಸುವಷ್ಟರಲ್ಲಿ ಜಯಲಕ್ಷ್ಮಮ್ಮ ಒಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಾಯಿತು.

“ಅಯ್ಯೋ ಮುತ್ತೈದೆಗೆ ಎಂಥಾ ಅಪಚಾರ ಮಾಡ್ಬುಟ್ರಲ್ರೇ! ಗಂಡ ಬಗಲಲ್ಲೇ ನಿಂತವ್ನೆ, ನೀನು ಕುಂಕ್ಮ ಇಕ್ದೆ ಬಂದಿದ್ದೀಯಲ್ಲೇ ಪ್ರಮೀಳಾ!” ಅಂತ ಚಲುವಮ್ಮ ನನ್ನನ್ನೇ ಬೈದಳು. ಮೊಣಕೈಯಲ್ಲಿ ಅವಳ ಉಗುರಿನ ಗುರುತು ಇನ್ನೂ ಇತ್ತು.

ಕಳಿಸಿಕೊಡುವಾಗ ಬಂದ ಹೆಂಗಸರಿಗೆಲ್ಲ ಮಡಿಲು ತುಂಬಬೇಕು, ಅಕ್ಕಿ, ಕೊಬ್ಬರಿ, ಎಲೆಅಡಿಕೆ, ರವಿಕೆ ಬಟ್ಟೆ. ಸುಮನಾವತಿಗೆ ಅಂತ ಬೇರೆ ಚೀಲ ಮಾಡಿದ್ದೆವು, ಶಾಲು ಮತ್ತು ಹಣ್ಣು ಮಾತ್ರ. ಅದನ್ನು ಅವಸರವಸರವಾಗಿ ಬಿಚ್ಚಿ ಮಡಿಲಕ್ಕಿ ಜೋಡಿಸಿದೆವು. ಎಲ್ಲರಿಗೂ ಒಂದು ಕೊಬ್ಬರಿಯಾದರೆ ಅವರಿಗೆ ಮೂರು. ತಪ್ಪು ಮುಚ್ಚುವುದಕ್ಕೆ ನಮ್ಮಲ್ಲಿ ಕೊಬ್ಬರಿಗಿಂತ ದೊಡ್ಡದು ಇನ್ನೇನಿದೆ?

ನನಗೆ ಯೋಚನೆಯಾದದ್ದು ಸುಮನಾವತಿಯ ವಿಷಯವಲ್ಲ. ಜಯಲಕ್ಷ್ಮಮ್ಮನಿಗೆ ಗೊತ್ತಾದರೆ ಏನು ಗತಿ? ಹನ್ನೊಂದು ವರ್ಷಕ್ಕೆ ಒಂದು ದಿನ ತನ್ನಂಥವಳು ಸಿಕ್ಕಿದಳು ಅಂತ ಸಾಲು ಸೀಳಿಕೊಂಡು ಬಂದಿದ್ದರು. ಅವಳೂ ತನ್ನಂಥವಳಲ್ಲ ಅಂತ ತಿಳಿದರೆ ಮತ್ತೆ ಗರಿಯ ಮರೆಗೆ ಹೋಗಿಬಿಡುತ್ತಾರೆ. ಆಗ ಹೊರಗೆ ಕರೆಯಲು ನನಗೆ ಯಾವ ಬಾಯಿ ಇದೆ? ನಾನು ಹೇಳಲಿಲ್ಲ. ಬಸ್ಸು ಹೋಗುವ ತನಕ ಯಾರೂ ಹೇಳದಿದ್ದರೆ ಸಾಕು ಅಂದುಕೊಂಡೆ.

ಮೂರು ಗಂಟೆಗೆ ಡೇರಿಯ ಮುಂದೆ ಕುರ್ಚಿ ಹಾಕಿ ಹೆಂಗಸರನ್ನು ಕೂರಿಸಿದೆವು. ಚಲುವಮ್ಮ ತಾನೇ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮೊದಲು ಸುಮನಾವತಿಯ ಮುಂದೆ ಬಂದಳು. ಬೆರಳು ಕುಂಕುಮದಲ್ಲಿ ಅದ್ದಿ ಎತ್ತುವಷ್ಟರಲ್ಲಿ ಸುಮನಾವತಿ ನಕ್ಕು, ಕೈ ಅಡ್ಡ ಹಿಡಿದು, ಕುರ್ಚಿಯಿಂದ ಎದ್ದರು. ಎಲ್ಲರೂ ನೋಡುತ್ತಿದ್ದ ಹಾಗೆ ಅಡುಗೆ ಚಪ್ಪರದ ಹತ್ತಿರ ನಿಂತಿದ್ದ ಜಯಲಕ್ಷ್ಮಮ್ಮನ ಬಳಿಗೆ ನಡೆದುಹೋದರು. ತಟ್ಟೆ ತೋರಿಸಿದರು, ತಮ್ಮ ಹಣೆ ತೋರಿಸಿದರು, ಜಯಲಕ್ಷ್ಮಮ್ಮನ ಕೈ ತೋರಿಸಿದರು. ಆಮೇಲೆ ತಲೆ ಬಗ್ಗಿಸಿ ನಿಂತರು.

“ಅವ್ಳು ಇಕ್ಕಂಗಿಲ್ಲ ಕಣಮ್ಮ,” ಅಂದಳು ಚಲುವಮ್ಮ. ಸಹನಳ ಕಡೆ ತಿರುಗಿದಳು. “ಏಳವ್ವ, ನಿನ್ ಇಂಗ್ಲೀಸ್ನಲ್ಲಿ ಏಳು. ಅವ್ಳು ಇಕ್ಕಂಗಿಲ್ಲ ಅಂತ.”

ಸಹನ ದಾಟಿಸಲಿಲ್ಲ. ನನ್ನನ್ನು ನೋಡಿದಳು.

ಸುಮನಾವತಿಯ ತಲೆ ಬಗ್ಗಿಯೇ ಇತ್ತು. ಬೆಳಿಗ್ಗೆಯೂ ಹೀಗೆಯೇ ಇತ್ತು, ಆಗ ತಟ್ಟೆ ನನ್ನ ಕೈಯಲ್ಲಿತ್ತು. ನಾನೇನು ಧೈರ್ಯವಂತೆ ಅಂತ ಹೇಳಿಕೊಳ್ಳುತ್ತಿಲ್ಲ. ಮತ್ತೊಂದು ಸಲ ಆ ತಲೆ ಸುಮ್ಮನೆ ಮೇಲೇಳುವುದನ್ನು ನೋಡುವುದು ನನ್ನ ಕೈಲಿ ಆಗುತ್ತಿರಲಿಲ್ಲ, ಅಷ್ಟೆ. ಚಲುವಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು ಜಯಲಕ್ಷ್ಮಮ್ಮನ ಮುಂದೆ ಹಿಡಿದೆ.

“ಇಡಿ ಅಕ್ಕ,” ಅಂದೆ.

ಅವರು ತಟ್ಟೆಯನ್ನು ನೋಡಿದರು. ಸೆರಗಿಗೆ ಕೈ ಒರೆಸಿಕೊಂಡರು, ಒಂದು ಸಲ, ಇನ್ನೊಂದು ಸಲ. ಬೆರಳು ಕುಂಕುಮದ ಬಟ್ಟಲಿನ ಮೇಲೆ ಬಂದು ನಿಂತಿತು. ಚಲುವಮ್ಮ ಸಿಡುಕಿದಳು.

“ಅರಿಸ್ನ ಮೊದ್ಲು ಇಕ್ಬೇಕು ಕಣೆ. ಅದೂ ಮರ್ತೋಯ್ತಾ ನಿಂಗೆ?”

ಜಯಲಕ್ಷ್ಮಮ್ಮ ನಕ್ಕರು. ಕಣ್ಣಲ್ಲಿ ನೀರು ಬಂದಿತ್ತು, ಆದರೂ ನಕ್ಕರು. ಅರಿಸಿನ ತೆಗೆದು ಸುಮನಾವತಿಯ ಎರಡು ಕೆನ್ನೆಗೂ ಹಚ್ಚಿದರು. ಆಮೇಲೆ ಕುಂಕುಮ. ಅಭ್ಯಾಸ ತಪ್ಪಿದ ಕೈ, ಬೇಕಾದ್ದಕ್ಕಿಂತ ದೊಡ್ಡದಾಯಿತು, ಅರ್ಧ ಮೂಗಿನ ಮೇಲೆ ಉದುರಿತು. ಮುದುಕ ಫೋಟೋ ತೆಗೆದ. ನಾನೂ ಇನ್ನೊಬ್ಬಳೂ ಸೇರಿ ಮಡಿಲು ತುಂಬಿದೆವು. ಚಲುವಮ್ಮ ಮೂರು ಕೊಬ್ಬರಿಯ ಮೇಲೆ ನಾಲ್ಕನೆಯದನ್ನು ಇಟ್ಟು, ಯಾರ ಮುಖವನ್ನೂ ನೋಡದೆ ದ್ಯಾವಯ್ಯನಿಗೆ ಮಾತ್ರೆ ಕೊಡಬೇಕು ಅಂತ ಹೊರಟುಹೋದಳು.

ಬಸ್ಸು ಇಳಿದು ಮೂರನೇ ಸುತ್ತು ದಾಟುವ ತನಕ ಕಾಣುತ್ತಿತ್ತು. ಕಿಟಕಿಯಲ್ಲಿ ಬಿಳಿ ಸೆರಗು ಒಂದಿತ್ತು.

ಸಂಜೆ ಹಾಲಿನ ಹೊತ್ತಿಗೆ ಮೊದಲು ಪಾತ್ರೆ ಮುಗಿಸೋಣ ಅಂತ ಡೇರಿಯ ಹಿಂದಿನ ನಲ್ಲಿಯ ಹತ್ತಿರ ಕೂತೆವು, ಜಯಲಕ್ಷ್ಮಮ್ಮ ಮತ್ತು ನಾನು. ಹೇಳಲೋ ಬೇಡವೋ ಅಂತ ನಾಲ್ಕು ಪಾತ್ರೆ ತೊಳೆದೆ. ಬೇರೆ ದೇಶದವರು ಅಂತ ಶಾಸ್ತ್ರ ಸಡಿಲ ಮಾಡಿದೆವು ಅಂತಲೇ ಅವರು ತಿಳಿದಿರಬಹುದು, ಆದರೆ ನಾನು ಹೇಳದಿದ್ದರೆ ನಾಳೆ ಇನ್ಯಾರೋ ಹೇಳುತ್ತಾರೆ.

“ಅಕ್ಕ, ಅವರಿಗೆ ಗಂಡ ಇದ್ದಾರಂತೆ. ಆ ಕ್ಯಾಮೆರಾದವರು.”

“ಊಂ.”

“ಗೊತ್ತಿತ್ತಾ?”

“ಬಸ್ಸಿಳೀವಾಗ್ಲೇ ಗೊತ್ತಾಯ್ತು ಕಣೆ. ಕಟ್ಕಂಡ ಗಂಡ ಅಲ್ದಿದ್ರೆ ಯಾವ ಗಂಡ್ಸು ಎಂಗುಸ್ರ ಚಪ್ಲಿ ಎತ್ಕಂಡು ಬತ್ತಾನೆ? ಅಷ್ಟೂ ಕಾಣ್ನಿಲ್ವಾ ನಿಮ್ಗೆ?”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಮತ್ತೆ ಯಾಕೆ ಬಂದ್ರಿ ಅಕ್ಕ ಹೊರಗೆ? ನಾವೆಲ್ಲ ಏನಂದ್ಕಂಡ್ವಿ ಅಂದ್ರೆ...”

“ನೀವೇನಂದ್ಕಂಡ್ರಿ ಅಂತ ಗೊತ್ತು ಬುಡು.” ಅವರು ತಪ್ಪಲೆಯ ತಳ ಉಜ್ಜುತ್ತಲೇ ಇದ್ದರು. “ನೀನು ತಟ್ಟೆ ಇಡ್ಕಂಡು ಆವಮ್ಮನ್ನ ದಾಟ್ಕಂಡು ಓದೆಯಲ್ಲ, ಆಗ ಆವಮ್ಮನ ಮುಖ ಕಾಣ್ತು ಕಣೆ. ಅನ್ನೊಂದು ವರ್ಸ ನೀವು ದಾಟ್ಕಂಡು ಓಗುವಾಗ ನನ್ ಮುಖ ಎಂಗಿರ್ತದೆ ಅಂತ ನಂಗೇ ಗೊತ್ತಿರ್ನಿಲ್ಲ. ಇವತ್ ನೋಡ್ದೆ. ನೋಡಿ ಒಳ್ಗಡೆ ನಿಂತ್ಕಳಾಕಾಗ್ನಿಲ್ಲ.”

ನಲ್ಲಿ ನೀರು ಸುರಿಯುತ್ತಿತ್ತು.

“ಆ ದೊಡ್ ತಪ್ಲೆ ಇತ್ತ ತಳ್ಳು,” ಅಂದರು.

ತಳ್ಳಿದೆ.